ಮೂರು ಪ್ರಿಂಟರ್, ಒಂದು ಮಸ್ಕತ್ ಓಟು

ಯಾವುದೂ ಜಾಗ ಬಿಟ್ಟು ಕದಲಬಾರದು ಎನ್ನುವವರ ಸುತ್ತಮುತ್ತಲೇ ಎಲ್ಲವೂ ಜಾಗ ಬಿಟ್ಟು ಓಡಾಡುತ್ತಿರುತ್ತದೆ. ಇದು ನನ್ನ ಅನುಭವ. ನಾನು ಕಾನ್ವೆಂಟಿನಲ್ಲಿ ಓದಿದವಳು. ಬೈತಲೆಯನ್ನು ನೇರವಾಗಿ ತೆಗೆಯುವುದು, ಕೇಳಿದ್ದಕ್ಕೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುವುದು, ಗಂಟೆ ಹೊಡೆಯುವ ಮೊದಲೇ ಸಾಲಿನಲ್ಲಿ ನಿಲ್ಲುವುದು, ಇವನ್ನೆಲ್ಲ ಅಲ್ಲಿ ಕಲಿಸಿದ್ದರು. ನಾನು ಇವತ್ತಿಗೂ ಬಿಟ್ಟಿಲ್ಲ. ದೇವರು ಇದನ್ನೆಲ್ಲ ನೋಡಿ ಮೆಚ್ಚಿದನೋ ನಕ್ಕನೋ ತಿಳಿಯದು, ನನಗೆ ಎರಡು ಕೆಲಸ ಒಪ್ಪಿಸಿದ. ಒಂದು, ಜಯನಗರದಲ್ಲಿ ಕಟ್ಟಡಗಳ ನಕ್ಷೆ ಮಾಡುವ ನಮ್ಮ ಕಚೇರಿಯ ಆಡಳಿತ. ಇನ್ನೊಂದು, ಮಸ್ಕತ್‌ನಲ್ಲಿರುವ ನನ್ನ ತಂಗಿಗೆ ಓಟು ಹಾಕಿಸುವುದು.

ಕಚೇರಿಗೆ ಮೂರು ಮಹಡಿ, ಮಹಡಿಗೊಂದು ಪ್ರಿಂಟರ್, ಮೂರೂ ಒಂದೇ ನೆಟ್‌ವರ್ಕಿಗೆ ಸೇರಿವೆ. ಯಾರು ಎಲ್ಲಿ ಕೂತು ಗುಂಡಿ ಒತ್ತಿದರೂ ಕಾಗದ ಯಾವ ಪ್ರಿಂಟರಿನಿಂದ ಬೇಕಾದರೂ ಬರಬಹುದು. ನಮಗೆ ಬೇಕಾದದ್ದರಿಂದ ಮಾತ್ರ ಬರುವುದಿಲ್ಲ.

೧. ಬಂದ ದಾರಿಗೆ ಸುಂಕವಿಲ್ಲ

ತಂಗಿ ಮಸ್ಕತ್‌ನ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಯ ಮಹಡಿಯ ಮೇಲೆಯೇ ಇದ್ದಳು. ಪಾಸ್‌ಪೋರ್ಟಿನಲ್ಲಿ ಈಗಲೂ ನಮ್ಮ ಮನೆಯ ವಿಳಾಸವೇ ಇದೆ. ಹದಿನೆಂಟು ತುಂಬಿದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ಹೊರದೇಶದಲ್ಲಿರುವ ನಮ್ಮವರು ಅಲ್ಲೇ ಕೂತು ಓಟು ಹಾಕುವಂತಿಲ್ಲ. ವಿಮಾನ ಹತ್ತಿ ಬಂದು ತಮ್ಮ ಬೂತಿನಲ್ಲಿಯೇ ನಿಲ್ಲಬೇಕು. ಹೋದ ಚುನಾವಣೆಗೆ ಅವಳು ಹಾಗೆಯೇ ರಜೆ ಹಾಕಿ, ಟಿಕೆಟ್ ತೆಗೆದು ಬಂದಳು. ಒಳ್ಳೆಯ ಮೈಸೂರು ರೇಷ್ಮೆ ಉಟ್ಟು ಬೂತಿಗೆ ಹೋದರೆ, ಪಟ್ಟಿಯಲ್ಲಿ ಹೆಸರೇ ಇಲ್ಲ. ಮನೆಯಲ್ಲಿ ವಾಸವಿಲ್ಲ ಎಂದು ತೆಗೆದುಹಾಕಿದ್ದರು.

ಹೊರಗೆ ಮೇಜು ಹಾಕಿಕೊಂಡು ಕೂತಿದ್ದ ಒಬ್ಬರು ಸಮಾಧಾನ ಹೇಳಿದರು. "ಹೋಗ್ಲಿ ಬಿಡಿ ಮೇಡಂ, ಬೇಜಾರ್ ಮಾಡ್ಕೋಬೇಡಿ. ನೀವಿರೋ ಊರಲ್ಲೇ ಹಾಕ್ಬಿಡಿ."

"ಅಲ್ಲಿ ಸುಲ್ತಾನರಿದ್ದಾರೆ ಸಾರ್," ಎಂದಳು ತಂಗಿ.

"ಯಾರಾದ್ರೂ ಪರ್ವಾಗಿಲ್ಲ ಮೇಡಂ, ಒಳ್ಳೆಯವರಾದ್ರೆ ಅವರಿಗೇ ಹಾಕಿ."

ಆವತ್ತು ಸಂಜೆ ಅವಳು ಊಟ ಮಾಡಲಿಲ್ಲ. ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, "ಅಕ್ಕ, ಮುಂದಿನ ಸಲ ಹಾಕೇ ಹಾಕ್ತೀನಿ. ನಿನ್ನ ಜವಾಬ್ದಾರಿ," ಎಂದಳು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಕೆಲಸವನ್ನು ನಾನು ಅರ್ಧಕ್ಕೆ ಬಿಡುವವಳಲ್ಲ.

೨. ಎರಡನೇ ಮಹಡಿಯ ಸಂಬಂಧ

ಹೊರದೇಶದ ಮತದಾರರಿಗೆ ಬೇರೆಯೇ ಅರ್ಜಿ ಇದೆ ಎಂದು ತಿಳಿಯಿತು. ಕಚೇರಿಯ ಕಂಪ್ಯೂಟರಿನಲ್ಲಿ ಅದನ್ನು ತುಂಬಿದೆ. ಹೆಸರು, ವಯಸ್ಸು, ಉದ್ಯೋಗ, ಮಸ್ಕತ್ ವಿಳಾಸ, ಜೊತೆಗೊಂದು ಫೋಟೋ. ಕಳಿಸುವ ಮೊದಲು ಒಮ್ಮೆ ಕಾಗದದ ಮೇಲೆ ಓದಿ ನೋಡೋಣ ಎಂದು ಪ್ರಿಂಟ್ ಕೊಟ್ಟೆ. ಊಟದ ಬಿಡುವಿನಲ್ಲಿ ಕೊಟ್ಟೆ, ಕಚೇರಿಯ ಸಮಯದಲ್ಲಲ್ಲ. ನೆಲಮಹಡಿಯ ಪ್ರಿಂಟರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಅದೇ ಹೊತ್ತಿಗೆ ನಮ್ಮ ಅಕೌಂಟೆಂಟ್ ಕೂಡ ಏನನ್ನೋ ಒತ್ತಿ ಪ್ರಿಂಟರಿನ ಮುಂದೆ ಕೈಕಟ್ಟಿ ನಿಂತಿದ್ದರು. ತುಮಕೂರು ಕಡೆಯವರು, ಹಣೆ ತುಂಬ ವಿಭೂತಿ, ಬಹಳ ಸಂಕೋಚದ ಮನುಷ್ಯ.

"ಆಫೀಸ್ ಕಾಗದವಾ?" ಎಂದು ಕೇಳಿದೆ.

"ಒಂಥರಾ ಆಫೀಸೇ ಮೇಡಂ," ಎಂದು ಅವರು ಬೇರೆ ಕಡೆ ನೋಡಿದರು.

ಕಾಗದ ಬರಲಿಲ್ಲ. ಅವರು ಮತ್ತೆ ಒತ್ತಿದರು, ನಾನೂ ಒತ್ತಿದೆ. ನೆಟ್‌ವರ್ಕ್ ಇಂಜಿನಿಯರಿಗೆ ಫೋನು ಮಾಡಿದರೆ, "ಎಲ್ಲಾ ಪ್ರಿಂಟ್ ಆಗಿದೆಯಲ್ಲ ಮೇಡಂ, ಸಖತ್ತಾಗಿ ಹೋಗ್ತಾ ಇದೆ," ಎಂದರು. ಎಲ್ಲಿಗೆ ಹೋಗುತ್ತಿದೆ ಎಂದು ನಾನು ಕೇಳುವಷ್ಟರಲ್ಲಿ ಎರಡನೇ ಮಹಡಿಯಿಂದ ಕಚೇರಿಯ ಮಾಲೀಕರು ಅಕೌಂಟೆಂಟರನ್ನೂ ನನ್ನನ್ನೂ ಕರೆಸಿದರು. ಅವರ ಕೈಯಲ್ಲಿ ಕಾಗದದ ಕಟ್ಟು. ಮೇಲೆ ಒಂದು ಜಾತಕ, ಅದರ ಕೆಳಗೆ ನನ್ನ ತಂಗಿಯ ಅರ್ಜಿ, ಮತ್ತೆ ಜಾತಕ, ಮತ್ತೆ ತಂಗಿ.

ಮಾಲೀಕರು ಕನ್ನಡಕ ತೆಗೆದು ಅಕೌಂಟೆಂಟರಿಗೆ ಮೆಲ್ಲಗೆ ಹೇಳಿದರು. "ನೋಡಿ, ನಿಮ್ಮ ಮನೆ ವಿಷಯದಲ್ಲಿ ನಾನು ತಲೆ ಹಾಕಬಾರದು. ಮಗನಿಗೆ ಹೆಣ್ಣು ಹುಡುಕ್ತಿದೀರಾ, ಸಂತೋಷ. ಜಾತಕ ಚೆನ್ನಾಗಿದೆ, ಮಸ್ಕತ್‌ನಲ್ಲಿ ಕೆಲಸವೂ ಇದೆ. ಆದ್ರೆ ಹುಡುಗಿಗೆ ಐವತ್ತೆರಡು ವರ್ಷ ಕಣ್ರೀ. ಸ್ವಲ್ಪ ಯೋಚನೆ ಮಾಡಿ."

೩. ಒಳಗಡೆಯ ಪೂಜೆ

ಅರ್ಜಿಯ ಜೊತೆ ಪಾಸ್‌ಪೋರ್ಟಿನ ಪ್ರತಿಯೂ ಬೇಕಿತ್ತು. ತಂಗಿ ಬೇಸಿಗೆ ರಜೆಯಲ್ಲಿ ಬಂದಾಗ ತೆಗೆದುಕೊಟ್ಟಿದ್ದ ಒಳ್ಳೆಯ ಜೆರಾಕ್ಸು ನನ್ನ ಹತ್ತಿರ ಇತ್ತು. ಅದನ್ನು ಸ್ಕ್ಯಾನ್ ಮಾಡಿ ಕಳಿಸುವುದಷ್ಟೇ ಬಾಕಿ. ಆದರೆ ನಡುವೆ ಆಯುಧಪೂಜೆ ಬಂತು.

ಆಯುಧಪೂಜೆಯ ಬಗ್ಗೆ ನನಗೆ ಗೌರವವಿದೆ. ಆದರೆ ಹಿಂದಿನ ವರ್ಷ ಅರಿಶಿನ ಕುಂಕುಮದಲ್ಲಿ ಮಿಂದ ಪ್ರಿಂಟರುಗಳನ್ನು ಒರೆಸಿ ಒರೆಸಿ ನನಗೆ ಸಾಕಾಗಿತ್ತು. ಬೂದುಗುಂಬಳದ ಚೂರು ಕಾಗದದ ತಟ್ಟೆಯೊಳಗೂ ಸಿಕ್ಕಿತ್ತು. ಹಾಗಾಗಿ ಈ ಸಲ ಮೊದಲೇ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಹೂವು ಇಡಿ, ಆರತಿ ಎತ್ತಿ, ಆದರೆ ಯಾವ ಯಂತ್ರದ ಮೈ ಮೇಲೂ ಒಂದು ಚುಕ್ಕೆ ಕಾಣಿಸಬಾರದು.

ಮರುದಿನ ಬಂದು ನೋಡಿದೆ. ಮೂರೂ ಪ್ರಿಂಟರು ಹೊಸ ಮದುಮಗಳ ಹಾಗೆ ಸ್ವಚ್ಛ. ಅಕೌಂಟೆಂಟರನ್ನು ಎಲ್ಲರೆದುರೇ ಹೊಗಳಿದೆ. ಆಮೇಲೆ ತಂಗಿಯ ಪಾಸ್‌ಪೋರ್ಟು ಸ್ಕ್ಯಾನ್ ಮಾಡಲು ಇಂಜಿನಿಯರಿಗೆ ಕೊಟ್ಟೆ. ಅವರು ಮಾಡಿದರು, ಅರ್ಜಿಗೆ ಸೇರಿಸಿದರು, ಕಳಿಸಿಯೂ ಬಿಟ್ಟರು. ಕಳಿಸಿದ ಮೇಲೆ ನನಗೆ ತೋರಿಸಿದರು.

ಪರದೆಯ ಮೇಲೆ ನನ್ನ ತಂಗಿ. ಹಣೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಮೂರು ಬೆಳ್ಳಗಿನ ಗೆರೆ.

ಪ್ರಿಂಟರಿನ ಮುಚ್ಚಳ ಎತ್ತಿ ನೋಡಿದೆ. ಸ್ಕ್ಯಾನ್ ಮಾಡುವ ಗಾಜಿನ ಮೇಲೆ ಮೂರು ಬೆರಳಿನಿಂದ ಎಳೆದ ಅಚ್ಚುಕಟ್ಟಾದ ವಿಭೂತಿ. ಅಕೌಂಟೆಂಟರನ್ನು ಕರೆದೆ.

"ಇದೇನ್ರೀ ಇದು?"

"ಮೈ ಮೇಲೆ ಕಾಣಿಸಬಾರದು ಅಂದ್ರಲ್ಲ ಮೇಡಂ," ಎಂದರು ಅವರು ವಿನಯದಿಂದ. "ಅದಕ್ಕೇ ಒಳಗಡೆ ಹಚ್ಚಿದೆ. ಮೂರಕ್ಕೂ ಹಚ್ಚಿದೀನಿ."

ತಂಗಿಗೆ ಪ್ರತಿ ಕಳಿಸಿ, ಆದದ್ದನ್ನು ಫೋನಿನಲ್ಲಿ ಹೇಳಿದೆ. ಅವಳು ಕೇಳಿದಳು. "ಅಕ್ಕ, ನನ್ನ ಯಜಮಾನ್ರಿಗೆ ನೀನೇ ಹೇಳ್ತೀಯಾ, ನಾನು ಸಂನ್ಯಾಸ ತಗೊಂಡಿದ್ದು?"

೪. ಅಮ್ಮನವರ ದರ್ಶನ

ಅರ್ಜಿ ಬಂದರೆ ಬೂತಿನ ಮಟ್ಟದ ಅಧಿಕಾರಿ ಮನೆಗೆ ಬಂದು ವಿಚಾರಿಸಬೇಕು. ನಮ್ಮ ಭಾಗದ ಅಧಿಕಾರಿ ಒಬ್ಬ ಅಂಗನವಾಡಿ ಟೀಚರ್. ನಾನು ಕಚೇರಿಯಲ್ಲಿದ್ದಾಗ ಹಲವು ಸಲ ಬಂದು ಬೀಗ ನೋಡಿ ಹೋಗಿದ್ದರಂತೆ. ಕಡೆಗೆ ಒಂದು ಭಾನುವಾರ ಸಿಕ್ಕರು. ಗೇಟಿನಲ್ಲೇ ಚಪ್ಪಲಿ ಬಿಟ್ಟರು. ಒಳಗೆ ಬರುವಾಗ ಸೆರಗು ಹೊದ್ದುಕೊಂಡರು. ಬಹಳ ಸಂಸ್ಕಾರವಂತೆ ಎಂದುಕೊಂಡೆ.

"ಅಮ್ಮನೋರು ಒಳಗಿದಾರಾ?" ಎಂದು ಪಿಸುಗುಟ್ಟಿದರು.

"ಯಾವ ಅಮ್ಮನವರು?"

ಅವರು ಮೊಬೈಲಿನಲ್ಲಿ ಮೂರು ಗೆರೆಯ ನನ್ನ ತಂಗಿಯನ್ನು ತೋರಿಸಿ ಕಣ್ಣಿಗೆ ಒತ್ತಿಕೊಂಡರು. "ಮುಖದಲ್ಲಿ ಎಂಥಾ ಕಳೆ ಮೇಡಂ! ಮಸ್ಕತ್‌ನಲ್ಲಿ ಪ್ರವಚನ ಮಾಡ್ತಾರಾ?"

"ಗಣಿತ ಪಾಠ ಮಾಡುತ್ತಾಳೆ," ಎಂದೆ ನಾನು ಬಿಗಿಯಾಗಿ.

ಆಮೇಲೆ ಕೆಲಸದ ಮಾತು ಶುರುವಾಯಿತು. ಅವರಿಗೆ ಒಂದೇ ಸಂಶಯ. "ಮನೇಲಿ ಇಲ್ದೋರನ್ನ ಇಲ್ಲ ಅಂತ ಬರ್ಕೊಂಡು ಬನ್ನಿ ಅಂತಾರೆ. ಇವರು ಇಲ್ವೇ ಇಲ್ಲ. ಇದಾರೆ ಅಂತ ಹೆಂಗ್ ಬರೀಲಿ?"

"ಅವಳು ಇಲ್ಲಿ ಇಲ್ಲ. ಆದರೆ ಇಲ್ಲಿಯವಳು. ಹೊರದೇಶದಲ್ಲಿದ್ದಾಳೆ ಎಂದೇ ಅರ್ಜಿ ಹಾಕಿದ್ದೇವೆ. ಅವಳು ಇಲ್ಲದೆ ಇರುವುದೇ ಸರಿ."

"ಮತ್ತೆ ನೀವು?"

"ನಾನು ಇದ್ದೇನೆ."

"ನಾನು ಬಂದಾಗೆಲ್ಲ ಇರ್ಲಿಲ್ಲವಲ್ಲ?"

"ಇರಲಿಲ್ಲ. ಆದರೆ ಇದ್ದೇನೆ."

ಅವರು ಒಂದು ಲೋಟ ನೀರು ಕೇಳಿ ಕುಡಿದರು. ನಾನು ಎರಡನೇ ಸಲ ಮೊದಲಿನಿಂದ ವಿವರಿಸಿದೆ, ಪೂರ್ತಿ ವಾಕ್ಯಗಳಲ್ಲಿ. ಎಲ್ಲ ಬರೆದುಕೊಂಡು ಎದ್ದ ಅವರು ಬಾಗಿಲಲ್ಲಿ ನಿಂತು ಹೇಳಿದರು. "ಆಗ್ಲಿ ಮೇಡಂ, ಅಮ್ಮನೋರ ಹೆಸರು ಸೇರಿಸ್ತೀನಿ. ಮುಂದಿನ ಸಲ ಬಂದಾಗ ನನ್ನ ಮಗಳಿಗೆ ಗಣಿತದಲ್ಲಿ ಪಾಸಾಗೋ ಹಂಗೆ ತಲೆ ಮೇಲೆ ಒಂದ್ಸಲ ಕೈ ಇಡೋಕೆ ಹೇಳಿ."

೫. ಓಟಿನ ದಿನ

ಹೆಸರು ಸೇರಿತು. ಚುನಾವಣೆ ಬಂತು. ತಂಗಿಯೂ ಬಂದಳು. ಮತದಾನದ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಇಬ್ಬರೂ ನಮ್ಮ ರಸ್ತೆಯ ತುದಿಯ ಶಾಲೆಗೆ ಹೋಗಿ ಸಾಲಿನಲ್ಲಿ ನಿಂತೆವು. ತಂಗಿ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಳು. "ಈ ಸಲವೂ ಇಲ್ಲ ಅಂದ್ರೆ ನಾನಿಲ್ಲೇ ಕೂತ್ಕೊಂಡು ಅಳ್ತೀನಿ ಅಕ್ಕ," ಎಂದಳು. ಸಾಲಿನಲ್ಲಿ ನಿಂತು ಅಳುವುದು ಸಭ್ಯತೆಯಲ್ಲ ಎಂದು ನಾನು ನೆನಪಿಸಿದೆ.

ಒಳಗೆ ಅಧಿಕಾರಿ, "ವೋಟರ್ ಕಾರ್ಡ್?" ಎಂದರು.

"ಹೊರದೇಶದ ಮತದಾರರಿಗೆ ಕಾರ್ಡ್ ಕೊಡೋದಿಲ್ಲ ಸಾರ್. ಪಾಸ್‌ಪೋರ್ಟೇ ತೋರಿಸಬೇಕು," ಎಂದು ತಂಗಿ ಪಾಸ್‌ಪೋರ್ಟು ಕೊಟ್ಟಳು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಂಥ ಮತದಾರರನ್ನು ಅವರು ಕಂಡೇ ಇರಲಿಲ್ಲ. ದೊಡ್ಡ ಅಧಿಕಾರಿಯನ್ನು ಕರೆದರು. ದೊಡ್ಡ ಅಧಿಕಾರಿ ಪಟ್ಟಿ ತಿರುವಿದರು. ಮಧ್ಯದಲ್ಲಿ ಇಲ್ಲ. ಕೊನೆಯಲ್ಲಿ ನೋಡಿ ಸಾರ್ ಎಂದಳು ತಂಗಿ. ಕೊಟ್ಟಕೊನೆಯ ಹಾಳೆಯಲ್ಲಿ ಬೇರೆಯಾಗಿ ಒಂದೇ ಒಂದು ಹೆಸರಿತ್ತು. ಅವಳದೇ.

ಅಷ್ಟರಲ್ಲಿ ಹಿಂದೆ ಗೊಣಗಾಟ. "ಏನಂತೆ ಅಷ್ಟೊತ್ತು?"

"ಅವರು ಮಸ್ಕತ್‌ನಿಂದ ಬಂದಿದಾರಂತೆ, ಓಟು ಹಾಕೋಕೆ."

"ಅಯ್ಯೋ ಶಿವನೇ, ಇಲ್ಲೇ ಗೊಟ್ಟಿಗೆರೆಯಿಂದ ಬರೋಷ್ಟರಲ್ಲೇ ನಂಗೆ ಸೊಂಟ ಬಿದ್ದೋಯ್ತು!"

ತಂಗಿಯ ಬೆರಳಿಗೆ ಶಾಯಿ ಬಿತ್ತು. ಯಂತ್ರ ಕೀಂ ಎಂದಿತು. ಹೊರಬಂದವಳು ಬಾಗಿಲ ಪಕ್ಕ ನಿಂತು ಮಗುವಿನ ಹಾಗೆ ಬೆರಳು ನೋಡಿಕೊಂಡಳು. ನನ್ನ ಸರದಿ ಬಂದಿದ್ದರಿಂದ ನಾನು ಕಾರ್ಡನ್ನು ನೆಟ್ಟಗೆ ಮೇಜಿನ ಮೇಲಿಟ್ಟೆ.

ಅಧಿಕಾರಿ ಹೆಸರು ನೋಡಿ, ಪಕ್ಕದ ಇನ್ನೊಂದು ಹಾಳೆ ನೋಡಿ, ತಲೆ ಕೆರೆದುಕೊಂಡರು. "ಮೇಡಂ, ನೀವು ಇಲ್ಲಿ ಇಲ್ಲ."

"ನಿಮ್ಮ ಮುಂದೆ ನಿಂತಿದ್ದೇನೆ."

"ಅದು ಕಾಣ್ತಿದೆ ಮೇಡಂ. ಆದ್ರೆ ಮನೆ ಬಿಟ್ಟು ಹೋಗಿದೀರಾ ಅಂತ ಗುರುತು ಹಾಕಿದಾರೆ."

ನಡೆದದ್ದು ಆಗ ನನಗೆ ಹೊಳೆಯಿತು. ಒಂದೇ ವಿಳಾಸದಲ್ಲಿ ಇಬ್ಬರು ಹೆಂಗಸರು. ಒಬ್ಬಳು ದೇಶದಲ್ಲಿಲ್ಲ, ಇನ್ನೊಬ್ಬಳು ಯಾವಾಗ ಬಂದು ನೋಡಿದರೂ ಮನೆಯಲ್ಲಿಲ್ಲ. ನಾನು ಎರಡು ಸಲ ವಿವರಿಸಿದ ಮೇಲೆ ಆ ಅಂಗನವಾಡಿ ಟೀಚರ್, ಮಸ್ಕತ್‌ನವಳನ್ನು ಇದ್ದಾಳೆ ಎಂದೂ ಜಯನಗರದವಳನ್ನು ಹೋಗಿದ್ದಾಳೆ ಎಂದೂ ಬರೆದುಕೊಂಡಿದ್ದರು.

"ನಾನು ಈ ರಸ್ತೆಯಲ್ಲೇ ವಾಸವಾಗಿದ್ದೇನೆ," ಎಂದೆ.

ಬಾಗಿಲಿನಿಂದ ತಂಗಿ ಕೂಗಿದಳು. "ಹೌದು ಸಾರ್, ಅವರು ಇಲ್ಲೇ ಇರ್ತಾರೆ. ನಾನು ಗ್ಯಾರಂಟಿ ಕೊಡ್ತೀನಿ."

"ನೀವೆಲ್ಲಿರೋದು ಮೇಡಂ?"

"ಮಸ್ಕತ್‌ನಲ್ಲಿ."

ಸಾಲಿಗೆ ಸಾಲೇ ನಕ್ಕಿತು. ದೊಡ್ಡ ಅಧಿಕಾರಿ ಮತ್ತೆ ಬಂದರು. ನನ್ನ ಕಾರ್ಡನ್ನೂ ಮುಖವನ್ನೂ ಹತ್ತಿರದಿಂದ, ದೂರದಿಂದ ನೋಡಿದರು. "ಸರಿ ಮೇಡಂ, ನೀವು ಓಟು ಹಾಕಬಹುದು. ಆದರೆ ಈ ಗುರುತು ಇರೋರಿಗೆ ಸಹಿ ಒಂದೇ ಸಾಲದು. ಹೆಬ್ಬೆಟ್ಟೂ ಒತ್ತಬೇಕು."

"ಹೆಬ್ಬೆಟ್ಟೇ? ನಾನೇ?"

"ರೂಲ್ಸು ಮೇಡಂ. ನೀವು ಡಾಕ್ಟರೇಟ್ ಮಾಡಿದ್ರೂ ಒತ್ತಬೇಕು."

ರೂಲ್ಸು ಎಂದ ಮೇಲೆ ನಾನು ವಾದ ಮಾಡುವವಳಲ್ಲ. ಮೊದಲು ಸಹಿ ಮಾಡಿದೆ, ಕಾನ್ವೆಂಟಿನ ಸುಂದರವಾದ ಇಂಗ್ಲಿಷ್ ಕೂಡುಬರಹದಲ್ಲಿ, ಕೊನೆಯ ಸುಳಿಯೂ ತಪ್ಪದಂತೆ. ಅದನ್ನು ಯಾರೂ ನೋಡಲಿಲ್ಲ. ಆಮೇಲೆ ಹೆಬ್ಬೆರಳನ್ನು ಶಾಯಿಯ ಡಬ್ಬಿಗೆ ಅದ್ದಿ ಪುಸ್ತಕದ ಮೇಲೆ ಒತ್ತಿದೆ. ಅದನ್ನು ಎಲ್ಲರೂ ನೋಡಿದರು. ಓಟು ಹಾಕಿ ಹೊರಗೆ ಬಂದು ಬೆರಳು ಒರೆಸಿಕೊಳ್ಳುತ್ತಿದ್ದಾಗ, ಗೊಟ್ಟಿಗೆರೆಯಿಂದ ಬಂದಿದ್ದ ಆ ಹೆಂಗಸು ತಾನೂ ಓಟು ಹಾಕಿ ಬಂದು ಕನಿಕರದಿಂದ ನನ್ನ ಭುಜ ಮುಟ್ಟಿದರು.

"ನಾಚ್ಕೋಬೇಡಿ ಆಂಟಿ. ನಮ್ಮತ್ತೇನೂ ಹೆಬ್ಬೆಟ್ಟೇ ಒತ್ತುತಿದ್ರು. ಈಗ ದೊಡ್ಡೋರಿಗೂ ಅ ಆ ಇ ಈ ಹೇಳ್ಕೊಡ್ತಾರೆ, ಸಂಜೆ ಹೊತ್ತು. ಸೇರ್ಕೊಳ್ಳಿ."

ನಾನು ಉತ್ತರಕ್ಕೆ ಪೂರ್ತಿ ವಾಕ್ಯ ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ತಂಗಿ, ಯಾರಿಗಾಗಿ ನಾನು ಇಷ್ಟೆಲ್ಲ ಮಾಡಿದೆನೋ ಆ ತಂಗಿ, ಶಾಯಿಯ ಬೆರಳನ್ನು ಗಲ್ಲಕ್ಕಿಟ್ಟು ನಿಟ್ಟುಸಿರು ಬಿಟ್ಟಳು.

"ನಾನೂ ಟೀಚರ್ರೇ ಕಣಮ್ಮ. ಎಷ್ಟು ಹೇಳಿದ್ರೂ ಕೂತು ಕಲಿಯೋದಿಲ್ಲ ಇವ್ರು."