ಅತ್ತೆಯ ಪರವಾಗಿ ನಾನೇ ಕೆಮ್ಮಿದೆ

ಹಳ್ಳಿಯವರ ಮಾತನ್ನು ಡಾಕ್ಟರುಗಳು ಕೇಳಿಸಿಕೊಳ್ಳುವುದೇ ಇಲ್ಲ ಎಂದು ನಾನು ನನ್ನ ಅಂಕಣದಲ್ಲಿ ವಾರ ವಾರವೂ ಬೆಂಕಿ ಕಾರುವವನು. ನನ್ನ ಅತ್ತೆ ಹಾಲವ್ವನ ಊರು ಸಿಂದಗಿಯ ಆಚೆ. ದೊಡ್ಡ ಡಾಕ್ಟರನ್ನು ಕಾಣಬೇಕೆಂದರೆ ಎರಡು ಬಸ್ಸು, ಒಂದಿಡೀ ದಿನ. ಅತ್ತೆ ಸೊರಗಿದ್ದಾರೆ ಎಂದು ಅಲ್ಲಿಯ ಆಶಾ ಕಾರ್ಯಕರ್ತೆ ಚಂದ್ರವ್ವ ತಿಳಿಸಿದ ದಿನವೇ ಶಪಥ ಮಾಡಿದೆ: ಘಾಟ್ಕೋಪರಿನ ಈ ಒಂದು ಬೆಡ್‌ರೂಮಿನಿಂದಲೇ ಅತ್ತೆಗೆ ಮುಂಬೈಯ ವೈದ್ಯಶಾಸ್ತ್ರವನ್ನೆಲ್ಲ ಧಾರೆಯೆರೆಯುತ್ತೇನೆ!

ಪವಾಯಿಯ ಲೇಡಿ ಡಾಕ್ಟರೊಬ್ಬರು ವಿಡಿಯೋದಲ್ಲಿ ನೋಡಲು ಒಪ್ಪಿದರು. ಅವರಿಗೆ ಕನ್ನಡ ಬಾರದು, ಅತ್ತೆಗೆ ಹಿಂದಿ ಬಾರದು.

"ನಡುವ ನಾ ಹೇಳ್ತೀನ್ರಿ," ಅಂದಳು ಹೆಂಡತಿ ರಾಧಿಕಾ.

"ನಿನ್ನ ಹಿಂದಿ ಭಾಜಿ ಮಾರ್ಕೆಟ್ಟಿಗೆ ಸಾಕು," ಎಂದು ಫೋನು ನಾನೇ ಹಿಡಿದು ಕೂತೆ.

ಆ ಕಡೆ ಫೋನು ಹಿಡಿದವಳು ಚಂದ್ರವ್ವ. ಪರದೆಯ ಮೇಲೆ ಅಳಿಯನ ಮುಖ ಮೂಡಿದ್ದೇ ತಡ, ಅತ್ತೆಯ ಸೆರಗು ಮೂಗಿನವರೆಗೆ ಇಳಿಯಿತು.

"ಏನು ತ್ರಾಸು?" ಡಾಕ್ಟರ ಪ್ರಶ್ನೆಯನ್ನು ಕನ್ನಡಿಸಿದೆ.

"ಆರಾಮ ಅದೀನ್ರಿ."

"ಎಲ್ಲಿ ನೋವು?"

"ಆರಾಮ ಅದೀನ್ರಿ."

ಹಸಿರು ಸೆರಗಿನೊಳಗಿಂದ ಬೇರೆ ಮಾತೇ ಹೊರಡಲಿಲ್ಲ. ಡಾಕ್ಟರು ಕೊಟ್ಟ ಸಮಯ ಹದಿನೈದೇ ನಿಮಿಷ. ನಾನು ಸುಮ್ಮನಿರುವ ಜಾತಿಯೇ? ಊಟ ಸೇರುವುದಿಲ್ಲ, ಸುಸ್ತು, ಕೆಮ್ಮು ಎಂದು ಊಹಿಸಿ ವರದಿ ಒಪ್ಪಿಸಿದೆ. ಎಂಥ ಕೆಮ್ಮು ಎಂದು ಕೇಳಿದರು. ಅತ್ತೆಯ ಪರವಾಗಿ ನಾನೇ ಕೆಮ್ಮಿ ತೋರಿಸಿದೆ, ಕಫಸಮೇತ.

ಡಾಕ್ಟರು ಕನ್ನಡಕ ತೆಗೆದರು. "ಭಾಯಿಸಾಬ್, ಪೇಶಂಟ್ ಕೌನ್ ಹೈ? ಘರ್ ಮೇ ಕೋಯೀ ಲೇಡೀಸ್ ಹೈ ಕ್ಯಾ?" ರೋಗಿ ಯಾರು, ಮನೆಯಲ್ಲಿ ಹೆಂಗಸರು ಯಾರಾದರೂ ಇದ್ದಾರೆಯೇ ಎಂದು ನನ್ನನ್ನೇ ಕೇಳುವುದೇ!

ರಾಧಿಕಾ ಫೋನು ಕಸಿದುಕೊಂಡಳು. "ಕೆಳಗ ಹೋಗಿ ಹಾಲು ತರ್ರಿ."

ಲಿಫ್ಟಿನಲ್ಲಿ ಇಳಿಯುವಾಗ ಮೈ ಉರಿಯುತ್ತಿತ್ತು. ಹೆಂಗಸರ ಬಾಯಿ ಮುಚ್ಚಿಸುವ ಈ ಸೆರಗಿನ ಸಂಪ್ರದಾಯದ ಮೇಲೆ ಒಂದು ಖಾರದ ಅಂಕಣವೂ ಹೊಳೆಯಿತು.

ಹಾಲು ತಂದಾಗ ಕರೆ ಮುಗಿದಿತ್ತು. ರಾಧಿಕಾ ಅಡುಗೆಕಟ್ಟೆಗೆ ಒರಗಿ ನಿಂತಿದ್ದಳು.

"ಎದಿಯಾಗ ಗಂಟಾಗೇದಂತ. ನಾಕು ತಿಂಗಳಾತಂತ."

"ಡಾಕ್ಟರು ಏನಂದ್ರು?"

"ತಡಾ ಮಾಡಬ್ಯಾಡ್ರಿ ಅಂದಾರ. ನಾಳೆನ ವಿಜಯಪುರಕ್ಕ ತಪಾಸಣಿಗೆ ಹೋಗಾಕ ಚೀಟಿ ಬರದು ಫೋನಿಗೆ ಕಳಿಸ್ಯಾರ. ಚಂದ್ರವ್ವ ಕರಕೊಂಡು ಹೋಗ್ತಾಳ. ನಾನೂ ಇವತ್ತಿನ ಗಾಡಿ ಹಿಡೀತೀನಿ."

ನನಗೆ ಸಿಟ್ಟು ಬಂತು. ನನಗೆ ಸಲೀಸಾಗಿ ಬರುವುದು ಅದೊಂದೇ.

"ನಾಕು ತಿಂಗಳು ಸುಮ್ನಿದ್ರಾ? ದಿನಾ ಸಂಜಿಕ ಫೋನ್ ಮಾಡ್ತಾರ. ಒಮ್ಮಿಯರ ಮಗಳ ಮುಂದ ಬಾಯಿ ಬಿಡಬಾರದಿತ್ತ?"

ರಾಧಿಕಾ ನನ್ನ ಕೈಯಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡಳು.

"ದಿನಾ ಸಂಜಿಕ ಆ ಫೋನ್ ಸ್ಪೀಕರಿಗೆ ಹಾಕಿಸಿ, ಎದುರಿಗೇ ಕುಂತು, 'ಅತ್ತೀಯಾರ, ಆರಾಮ ಅದೀರಿಲ್ಲೋ' ಅಂತ ಕೇಳೋರು ಯಾರ್ರೀ?"