ಕೊಬ್ಬರಿ ಪರೀಕ್ಷೆ ಪಾಸಾದ ಕಂಪ್ಯೂಟರ್

ನನ್ನ ಬಾಯಿಗೊಂದು ಬೀಗ ಹಾಕಿಸಬೇಕೆಂದು ನಮ್ಮ ಮನೆಯಲ್ಲಿ ಆಗಾಗ ಠರಾವು ಪಾಸಾಗುತ್ತದೆ. ಆದರೆ ಬೀಗದ ಕೈ ನನ್ನ ಹತ್ತಿರವೇ ಇರುವುದರಿಂದ ಅದು ಜಾರಿಗೆ ಬಂದಿಲ್ಲ. ಹೀಗಾಗಿ ವರ್ಷಕ್ಕೆ ಎರಡು ಮೂರು ಪ್ರಸಂಗಗಳು ತಪ್ಪದೆ ನಡೆಯುತ್ತವೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಕಂಪ್ಯೂಟರ್ ಜೋಡಿಸಲು ಹೊರಟದ್ದು ಅವುಗಳಲ್ಲೊಂದು. ಆರೇಳು ಜನ ಇದನ್ನು ಈಗಲೂ ನನ್ನೆದುರೇ ಹೇಳಿಕೊಂಡು ನಗುತ್ತಾರೆ. ಅವರು ತಪ್ಪುತಪ್ಪಾಗಿ ಹೇಳುತ್ತಾರೆ, ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ.

ಫ್ಯಾನಿನ ಕೆಳಗಿನ ಕುರ್ಚಿ

ತುಮಕೂರಿನ ನಮ್ಮ ಆಫೀಸಿನಲ್ಲಿ ಆರು ಮೇಜು, ಎರಡು ಫ್ಯಾನು. ಒಂದು ಫ್ಯಾನು ತಿರುಗುತ್ತಿತ್ತು. ಇನ್ನೊಂದು, ನಮ್ಮಲ್ಲಿ ಕೆಲವರಿದ್ದ ಹಾಗೆ, ಸುಮ್ಮನೆ ಇತ್ತು. ತಿರುಗುವ ಫ್ಯಾನಿನ ನೇರ ಕೆಳಗಿನ ಕುರ್ಚಿ ನನ್ನದು. ಅದಕ್ಕೆ ಕಾರಣ ನನ್ನ ಯೋಗ್ಯತೆಯಲ್ಲ, ಹಿಂದಿದ್ದವರು ರಿಟೈರಾದ ದಿನ ಮಿಕ್ಕವರೆಲ್ಲ ಅವರಿಗೆ ಹಾರ ತರಲು ಹೋಗಿದ್ದರು, ನಾನು ಹೋಗಿರಲಿಲ್ಲ.

ಆ ಕುರ್ಚಿಯ ಮೇಲೆ ಆರು ವರ್ಷದಿಂದ ಕಣ್ಣಿಟ್ಟಿದ್ದವರು ದಿನಾ ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಹಿರಿಯ ಸಹೋದ್ಯೋಗಿ. ಬಸ್ಸಿನಲ್ಲಿ ನಿಂತು ಬೆವೆತು ಬಂದವರು ನನ್ನ ಹಿಂದೆಯೇ ಸ್ವಲ್ಪ ಹೊತ್ತು ನಿಂತು, ಬರುವಷ್ಟು ಗಾಳಿ ಕುಡಿದು, ನಿಟ್ಟುಸಿರು ಬಿಟ್ಟು ತಮ್ಮ ಜಾಗಕ್ಕೆ ಹೋಗುತ್ತಿದ್ದರು.

ಅವರು ಆಗಷ್ಟೇ ಮನೆಗೆ, ಕಂಪನಿಯೇ ಜೋಡಿಸಿ ಮಾರುವ ಒಂದು ಕಂಪ್ಯೂಟರ್ ಕೊಂಡಿದ್ದರು. ಬೆಳಗ್ಗೆ ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಯುವುದು, ಸಂಜೆ ಮತ್ತೆ ಹೊದಿಸುವುದು, ಇವೆರಡನ್ನು ಬಿಟ್ಟು ಅದರಿಂದ ಬೇರೆ ಕೆಲಸವಾಗುತ್ತಿತ್ತೆಂದು ನನಗೆ ಅನ್ನಿಸಲಿಲ್ಲ. ಆದರೂ ದಿನಾ ಊಟದ ಹೊತ್ತಿಗೆ ಅದರ ಗುಣಗಾನ.

"ಕಂಪ್ನಿ ಸೆಟ್ ಅಂದ್ರೆ ಕಂಪ್ನಿ ಸೆಟ್ ಕಣ್ರೀ. ಬಿಡಿಬಿಡಿ ತಂದು ಜೋಡ್ಸಿದ್ದು ಒಂದು ತಿಂಗ್ಳು ಓಡಿದ್ರೆ ಹೆಚ್ಚು."

ನಾನು ಆ ವಾರ ಲೈಬ್ರರಿಯಲ್ಲಿ ಇಂಗ್ಲಿಷಿನ ಕಂಪ್ಯೂಟರ್ ಪತ್ರಿಕೆಯ ಎರಡು ಸಂಚಿಕೆ ಓದಿದ್ದೆ. ಅರ್ಧ ಅರ್ಥವಾಗಿತ್ತು. ಮಾತಾಡಲು ಅಷ್ಟು ಧಾರಾಳವಾಯಿತು. ಒಂದೊಂದು ಭಾಗವನ್ನೂ ನಾನೇ ಆರಿಸಿ ಜೋಡಿಸುತ್ತೇನೆ, ನಿಮ್ಮ ಸೆಟ್ಟಿನಲ್ಲಿ ತೆವಳುವ ಕಾರ್ ರೇಸಿನ ಆಟ ನನ್ನದರಲ್ಲಿ ಹಾರುತ್ತದೆ, ಸಿನಿಮಾ ಹಾಕಿದರೆ ಮನೆಯೇ ಟಾಕೀಸಾಗುತ್ತದೆ ಎಂದೆಲ್ಲ ಹೇಳಿಬಿಟ್ಟೆ.

ಅವರು ಮೊಸರನ್ನ ಕಲಸುತ್ತಾ ತಣ್ಣಗೆ ಹೇಳಿದರು. "ಹಾರ್ಲಿ ಬಿಡಿ. ನಮ್ಮೆಲ್ಲರ ಮುಂದೆ ಒಂದು ರೇಸು ಪೂರ್ತಿ ಓಡ್ಸಿ ತೋರ್ಸಿ. ಮಧ್ಯ ನಿಂತ್ರೆ ಆ ಕುರ್ಚಿ ನಂಗೆ."

ಆಗಲಿ ಎಂದೆ. ನಾನು ಗೆದ್ದರೆ ನನಗೇನು ಸಿಗುತ್ತದೆ ಎಂದು ಕೇಳಬೇಕಿತ್ತು ಅಂತ ಹೊಳೆದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ಪಟ್ಟಿಗೆ ಎಲ್ಲರ ಕೊಡುಗೆ

ಬೇಕಾದ ಭಾಗಗಳ ಪಟ್ಟಿಯನ್ನು ಆಫೀಸಿನಲ್ಲೇ ಬರೆದೆ, ಆಫೀಸಿನ ಕಾಗದದ ಮೇಲೆ, ಆಫೀಸಿನ ಸಮಯದಲ್ಲಿ. ಅದಕ್ಕೇ ಎಲ್ಲರಿಗೂ ಅದರ ಮೇಲೆ ಹಕ್ಕು ಬಂತು. ನಮ್ಮ ಸಾಹೇಬರು ಪಟ್ಟಿಯನ್ನು ತರಿಸಿಕೊಂಡು, ಫೈಲು ನೋಡುವಾಗ ಎಂದೂ ತೋರಿಸದಿದ್ದ ಶ್ರದ್ಧೆಯಿಂದ ಓದಿ, ಫ್ಲಾಪಿ ಡ್ರೈವು ಎರಡು ಇರಲಿ ಎಂದು ಹಸಿರು ಶಾಯಿಯಲ್ಲಿ ಬರೆದರು. ಯಾಕೆಂದು ಕೇಳಿದೆ. ಜೀಪಿಗೆ ಸ್ಟೆಪ್ನಿ ಇರುವುದಿಲ್ಲವೇ ಎಂದರು.

ಮನೆಯಲ್ಲಿ ಹೆಂಡತಿಗೆ ಪ್ರೊಸೆಸರ್ ಎಂದರೇನು, ಗ್ರಾಫಿಕ್ಸ್ ಕಾರ್ಡ್ ಯಾಕೆ ಬೇಕು ಎಂದು ಮುಕ್ಕಾಲು ಗಂಟೆ ವಿವರಿಸಿದೆ. ಅವಳು ಅಷ್ಟೂ ಹೊತ್ತು ಅವರೆಕಾಳು ಹಿಸುಕುತ್ತಾ ಕೇಳಿದಳು.

"ಅದೆಲ್ಲ ಸರಿ. ಅದ್ರಲ್ಲಿ ಟೀವಿ ಬರತ್ತಾ?"

ನಮ್ಮ ಮನೆಯ ಟೀವಿಯಲ್ಲಿ ಆಗ ಎಲ್ಲ ನಟಿಯರಿಗೂ ಅರ್ಧ ಮುಖ ಹಸಿರಾಗಿತ್ತು. ಟೀವಿ ಬರಿಸುವ ಒಂದು ಕಾರ್ಡೂ ಸಿಗುತ್ತದೆ, ಆದರೆ ಅದು ಅಷ್ಟು ಮುಖ್ಯವಲ್ಲ ಎಂದೆ. ಹಾಗಾದರೆ ಅದನ್ನೇ ಮೊದಲು ಬರೆಯಿರಿ ಎಂದಳು. ಬರೆದೆ. ಎರಡನೇ ಷರತ್ತು, ತರುವಾಗ ಅವಳಪ್ಪನನ್ನು ಕರೆದುಕೊಂಡು ಹೋಗಬೇಕು. ನಾನೊಬ್ಬನೇ ಹೋಗಿ ಆರಿಸಿಕೊಂಡು ಬಂದ ಮಿಕ್ಸಿಯನ್ನು ಅವಳು ಕಣ್ಣಿನಲ್ಲೇ ತೋರಿಸಿದಳು. ಅದು ಎರಡು ವರ್ಷದಿಂದ ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಬಹಳ ಚೆನ್ನಾಗಿ ತಡೆಯುತ್ತಿತ್ತು.

ಮಾವನ ಕಿವಿ

ನಮ್ಮ ಮಾವ ಗುಬ್ಬಿ ತಾಲ್ಲೂಕಿನ ಚೇಳೂರಿನವರು. ಕೊಬ್ಬರಿ ವ್ಯಾಪಾರ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ವರ್ಷದ ತನಕ ಇಟ್ಟರೆ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಗಡಗಡ ಎಂದರೆ ಮಾಲು ತಯಾರು. ಎನ್ನದಿದ್ದರೆ ಹಸಿ, ಮತ್ತೆ ಅಟ್ಟಕ್ಕೆ. ನಲವತ್ತು ವರ್ಷ ಈ ಒಂದು ಪರೀಕ್ಷೆಯಿಂದ ಬದುಕಿದ ಮನುಷ್ಯ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಬೇರೆ ಪರೀಕ್ಷೆ ಮಾಡಲಿ ಎಂದರೆ ಹೇಗೆ?

ಮೊದಲು ಹಾರ್ಡ್ ಡಿಸ್ಕ್. ಅಂಗಡಿಯವರು ಅದನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಎತ್ತಿ ಕೊಟ್ಟರು. ಮಾವ ಒಂದೇ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಜೋರಾಗಿ ಅಲ್ಲಾಡಿಸಿದರು. ಅಂಗಡಿಯವರು ಗಲ್ಲಾಪೆಟ್ಟಿಗೆ ದಾಟಿ ಹಾರಿ ಬಂದರು.

"ಸದ್ದೇ ಇಲ್ವಲ್ಲಪ್ಪ," ಎಂದರು ಮಾವ.

"ಸದ್ದು ಬಂದ್ರೆ ಕೆಟ್ಟೋಗಿದೆ ಅಂತ ಯಜಮಾನ್ರೇ."

ಹಸಿ ಕಾಯಿಯನ್ನು ಕೊಬ್ಬರಿಯೆಂದು ದಾಟಿಸಲು ಬಂದವನನ್ನು ನೋಡುವ ಹಾಗೆ ಮಾವ ಅವರನ್ನು ನೋಡಿ, ನನ್ನ ಕಡೆ ತಿರುಗಿ, ಇದು ಬೇಡ ಎಂದು ತಲೆಯಾಡಿಸಿದರು. ನಾನು ಧೈರ್ಯ ಮಾಡಿ, ಬೇಕೇ ಬೇಕು ಎಂದೆ. ಅಳಿಯನಿಗೆ ಮಾವನ ಎದುರು ದಿನಕ್ಕೆ ಒಂದು ಸಲ ಮಾತ್ರ ಇಲ್ಲ ಎನ್ನುವ ಹಕ್ಕಿರುತ್ತದೆ. ನಾನು ನನ್ನದನ್ನು ಹಾರ್ಡ್ ಡಿಸ್ಕಿಗೆ ಖರ್ಚು ಮಾಡಿಬಿಟ್ಟೆ.

ಆಮೇಲೆ ಬಂತು ಪವರ್ ಸಪ್ಲೈ, ಅಂದರೆ ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಡಬ್ಬಿ. ಅಂಗಡಿಯವರು ಇಟ್ಟಿಗೆಯಷ್ಟು ಭಾರದ ಒಂದನ್ನು ತೋರಿಸಿ, ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ಇದೇ ಬೇಕು ಎಂದರು. ಮಾವ ಅಲ್ಲಾಡಿಸಿದರು. ಸದ್ದಿಲ್ಲ. ಹಸಿ ಎಂದು ಪಕ್ಕಕ್ಕಿಟ್ಟರು. ನಾನು ಆರಿಸಿದ್ದ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಒಂದು ಹಗುರ ಡಬ್ಬಿ ಬಂದಿತ್ತು. ಒಳಗೆ ಒಂದು ಸ್ಕ್ರೂ ಬಿಚ್ಚಿಕೊಂಡಿತ್ತೋ ಏನೋ. ಮಾವ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಾಗ ಅವರ ಮುಖದಲ್ಲಿ ಆ ದಿನ ಮೊದಲ ಸಲ ಶಾಂತಿ ಕಂಡಿತು.

"ಇಲ್ ನೋಡಿ ಅಳಿಯಂದ್ರೇ. ಎಷ್ಟು ಚೆನ್ನಾಗಿ ಒಣಗೈತೆ."

ಅಂಗಡಿಯವರು ಒಳ್ಳೆಯ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದು, ಆಟ ಆಡುವಾಗ ಈ ಡಬ್ಬಿ ತಡೆಯುವುದಿಲ್ಲ ಸಾರ್ ಎಂದು ಸಣ್ಣ ದನಿಯಲ್ಲಿ ಹೇಳಿದರು. ಅದು ನನಗೂ ಗೊತ್ತಿತ್ತು, ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಆದರೆ ಭಾರದ ಡಬ್ಬಿ ಬಿಟ್ಟರೆ ಉಳಿಯುವ ದುಡ್ಡಿನಲ್ಲಿ ಕ್ಯಾಬಿನೆಟ್ಟಿಗೆ ನೀಲಿ ದೀಪದ ಫ್ಯಾನು ಇನ್ನೆರಡು ಹಾಕಿಸಬಹುದಿತ್ತು. ಎರಡಿದ್ದದ್ದು ನಾಲ್ಕಾಗುತ್ತಿತ್ತು. ಹಿರಿಯರ ಅನುಭವಕ್ಕೆ ಬೆಲೆ ಕೊಡಬೇಕು ಎಂದು ಗಟ್ಟಿಯಾಗಿ ಹೇಳಿದೆ. ಆ ದಿನ ಮಾವನ ಮೇಲೆ ನನಗೆ ಹುಟ್ಟಿದ ಗೌರವದ ಬಣ್ಣ ನೀಲಿ.

ಹಾಫ್ ಟಿಕೆಟ್

ಅಂಗಡಿಯಲ್ಲೇ ಎಲ್ಲ ಜೋಡಿಸಿಕೊಟ್ಟರು. ವಾಪಸ್ ಬರುವ ಬಸ್ಸಿನಲ್ಲಿ ಕ್ಯಾಬಿನೆಟ್ಟು ನನ್ನ ತೊಡೆಯ ಮೇಲೆ. ಮಾನಿಟರನ್ನು ಮಾವ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ತಮ್ಮ ಟವಲ್ಲಿನಿಂದ ಸೀಟಿಗೆ ಕಟ್ಟಿದರು. ನೆಲಮಂಗಲದಿಂದ ನಿಂತೇ ಬರುತ್ತಿದ್ದ ಹೆಂಗಸೊಬ್ಬರು ಅದನ್ನು ದುರುಗುಟ್ಟಿ ನೋಡುತ್ತಿದ್ದರು. ಕಂಡಕ್ಟರು ಬಂದು, ಸೀಟಿನಲ್ಲಿ ಕೂತವರೆಲ್ಲ ಟಿಕೆಟ್ ತಗೋಬೇಕು ಎಂದರು.

ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಹಾಫ್ ಕೊಡಿ. ಇವತ್ತು ಬೆಳಗ್ಗೆ ಪೆಟ್ಟಿಗೆಯಿಂದ ಈಚೆಗೆ ಬಂದೈತೆ."

ಕಂಡಕ್ಟರು ನನ್ನನ್ನು ನೋಡಿದರು, ನಾನು ಕಿಟಕಿಯಾಚೆ ನೋಡಿದೆ, ಅವರು ಹಾಫ್ ಹರಿದುಕೊಟ್ಟರು. ಹನ್ನೆರಡು ವರ್ಷ ತುಂಬದ ಮಾನಿಟರ್ ಎಂದು ಸರ್ಕಾರಿ ದಾಖಲೆಯಿರುವುದು ನಮ್ಮ ಮನೆಯಲ್ಲಿ ಮಾತ್ರ.

ಎಂಟೂವರೆ

ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಮೊದಲ ದಿನ ಟೀವಿ ಹಾಕಿದೆವು. ನಟಿಯರ ಮುಖ ಪೂರ್ತಿ ಒಂದೇ ಬಣ್ಣದಲ್ಲಿ ಕಂಡಿತು. ಅಷ್ಟೇ, ಅಂದಿನಿಂದ ಅದು ನನ್ನದಾಗಿ ಉಳಿಯಲಿಲ್ಲ. ಸಂಜೆ ನಾನು ಆಫೀಸಿನಿಂದ ಬರುವ ಹೊತ್ತಿಗೆ ಅಕ್ಕಪಕ್ಕದ ಮನೆಯ ಹೆಂಗಸರು ಚಾಪೆ ಹಾಸಿಕೊಂಡು ಕೂತಿರುತ್ತಿದ್ದರು. ಅವರ ಮಧ್ಯೆ ಮಾವ. ಒಂದು ದಿನಕ್ಕೆ ಬಂದವರು ಚೇಳೂರನ್ನೇ ಮರೆತಿದ್ದರು. ಎಂಟೂವರೆಯ ಸೀರಿಯಲ್ಲು ಮುಗಿದರೆ ಒಂಬತ್ತರದ್ದು, ಅದಾದ ಮೇಲೆ ಎರಡರ ಬಗ್ಗೆಯೂ ಚರ್ಚೆ.

ಎರಡು ವಾರದಲ್ಲಿ ನಾನು ಕಾರ್ ರೇಸು ಆಡಿದ್ದು ಒಟ್ಟು ನಾಲ್ಕು ನಿಮಿಷ. ಅದೂ ಸೀರಿಯಲ್ಲಿನ ಜಾಹೀರಾತಿನ ಮಧ್ಯೆ. ಸೀರಿಯಲ್ಲಿಗೆ ಗ್ರಾಫಿಕ್ಸ್ ಕಾರ್ಡಿನ ಶ್ರಮ ಬೇಕಿಲ್ಲ, ಆದ್ದರಿಂದ ಪುಕ್ಕಟೆ ಡಬ್ಬಿ ಆರಾಮವಾಗಿತ್ತು. ನೋಡಿದಿರಾ ಹೇಗೆ ಓಡ್ತಾ ಐತೆ ಎಂದು ಮಾವ ದಿನಾ ಕೇಳುತ್ತಿದ್ದರು. ಓಡ್ತಾ ಇದೆ ಎಂದು ನಾನೂ ದಿನಾ ಒಪ್ಪುತ್ತಿದ್ದೆ. ಆಫೀಸಿನವರಿಗೆ ರೇಸು ತೋರಿಸಲು ಗೊತ್ತಾಗಿದ್ದ ಭಾನುವಾರ ಮಾತ್ರ ಹತ್ತಿರ ಬರುತ್ತಿತ್ತು.

ಭಾನುವಾರ

ಆ ಭಾನುವಾರ ಸಾಹೇಬರನ್ನೂ ಸೇರಿಸಿ ಆಫೀಸಿನ ಐದೂ ಜನ ಬಂದರು. ಕುಣಿಗಲ್ಲಿನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಹೆಂಡತಿ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು.

ಮೊದಲು ಸಿನಿಮಾ ಹಾಕಿದೆ. ರೈಲು ಬರುವ ದೃಶ್ಯದಲ್ಲಿ ಸ್ಪೀಕರಿನ ಸದ್ದಿಗೆ ಅಡುಗೆಮನೆಯ ಸ್ಟೀಲ್ ಲೋಟಗಳು ಅಲುಗಿದವು. ಸಾಹೇಬರು ಕಾಲು ಮೇಲೆತ್ತಿಕೊಂಡರು. ಕುಣಿಗಲ್ಲಿನವರ ಕೈಯಲ್ಲಿ ಕೇಸರಿಬಾತಿನ ಚಮಚ ಹಾಗೇ ನಿಂತಿತು. ಆ ಮುಖ ನೋಡಿ ನನಗಾದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಹೆಂಡತಿ ಇದನ್ನು ಓದುವುದಿಲ್ಲವಾದ್ದರಿಂದ ಬರೆದಿದ್ದೇನೆ.

ನಂತರ ರೇಸು. ಮೂರು ಸುತ್ತು ಮುಗಿಸಬೇಕು. ಮೊದಲ ಸುತ್ತಿನಲ್ಲಿ ಕಾರು ಹಾರಿತು, ನಾನು ಹೇಳಿದ್ದ ಹಾಗೇ. ಎರಡನೇ ಸುತ್ತಿನಲ್ಲಿ ಸಾಹೇಬರು ನನಗೆ ಬ್ರೇಕ್ ಹಿಡಿಯಲು ಹೇಳತೊಡಗಿದರು. ಮೂರನೆಯದರ ಕೊನೇ ತಿರುವು, ಮುಗಿಯುವ ಗೆರೆ ಕಾಣುತ್ತಿತ್ತು. ಟಪ್ಪೆಂದಿತು. ನೀಲಿ ದೀಪ ಆರಿತು. ನಾಲ್ಕು ಫ್ಯಾನುಗಳು ಒಂದರ ಹಿಂದೊಂದು ನಿಧಾನವಾಗಿ ನಿಂತವು. ಸುಟ್ಟ ವಾಸನೆ ಬಂತು.

ಕರೆಂಟು ಹೋಯಿತು ಅನ್ನಿಸುತ್ತೆ ಎಂದೆ. ಎಲ್ಲರೂ ತಲೆಯೆತ್ತಿ ನೋಡಿದರು. ನಮ್ಮ ಮನೆಯ ಸೀಲಿಂಗ್ ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ಮಿಕ್ಕವರು ತಲೆ ಕೆಳಗಿಳಿಸಿದರು. ಕುಣಿಗಲ್ಲಿನವರು ಮಾತ್ರ ಫ್ಯಾನನ್ನು ನೋಡುತ್ತಲೇ ಇದ್ದರು, ಬಹಳ ಪ್ರೀತಿಯಿಂದ.

ಆಗ ಮಾವ ಎದ್ದರು. ನನ್ನ ಕೈಯಲ್ಲಿ ಸ್ಕ್ರೂ ಬಿಚ್ಚಿಸಿ, ಆ ಡಬ್ಬಿಯನ್ನು ಹೊರಗೆ ತೆಗೆಸಿ, ಟವಲ್ಲಿನಲ್ಲಿ ಹಿಡಿದು, ಎಲ್ಲರೂ ನೋಡುತ್ತಿದ್ದಂತೆ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗಿನ ಸ್ಕ್ರೂ ಶಾಖಕ್ಕೆ ಎಲ್ಲೋ ಕಚ್ಚಿಕೊಂಡಿರಬೇಕು. ಸದ್ದೇ ಬರಲಿಲ್ಲ. ಮಾವ ಡಬ್ಬಿಯನ್ನು ಕೆಳಗಿಟ್ಟು, ಸಾಹೇಬರ ಕಡೆ ತಿರುಗಿ ತೀರ್ಪು ಕೊಟ್ಟರು.

"ನಾವು ತರುವಾಗ ಗಡಗಡ ಅಂತಿತ್ತು ಸ್ವಾಮಿ. ಎರಡು ವಾರ ಸೀರಿಯಲ್ಲಿಗೆ ಏನೂ ಆಗ್ಲಿಲ್ಲ. ನಮ್ಮಳಿಯಂದ್ರು ಇವತ್ತು ಕಾರ್ ಓಡ್ಸಿ ಕೆಡ್ಸಿದ್ರು."

ಸಾಹೇಬರು ಹೌದೆಂದು ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯೂ ಆಡಿಸಿದಳು. ರಾತ್ರಿ ಎಂಟೂವರೆಗೆ ಏನು ಗತಿ ಎಂದು ಅವಳ ಚಿಂತೆ.

ಸೋಮವಾರ

ಸೋಮವಾರ ನಾನು ಹೋಗುವಷ್ಟರಲ್ಲಿ ಕುಣಿಗಲ್ಲಿನವರು ಫ್ಯಾನಿನ ಕೆಳಗೆ ಕೂತಾಗಿತ್ತು. ಅವತ್ತು ಮೊದಲ ಬಸ್ಸಿಗೇ ಬಂದಿದ್ದರಂತೆ. ನಾನು ನನ್ನ ಫೈಲುಗಳನ್ನು ಎತ್ತಿಕೊಂಡು ಅವರ ಹಳೇ ಮೂಲೆಗೆ ಹೋದೆ. ಅಲ್ಲಿಂದ ಕಾಣುವುದು ಸುಮ್ಮನಿರುವ ಇನ್ನೊಂದು ಫ್ಯಾನು. ಮನೆಯಲ್ಲಿ ನನ್ನ ಕಂಪ್ಯೂಟರಿಗೆ ನಾಲ್ಕು ಫ್ಯಾನು, ಆಫೀಸಿನಲ್ಲಿ ನನಗೆ ಒಂದೂ ಇಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಅವರು ಊಟದ ಡಬ್ಬಿ ಹಿಡಿದು ನನ್ನ ಮೂಲೆಗೆ ಬಂದರು. ಅಣಕಿಸಲು ಬಂದರೆಂದು ಮುಖ ಗಂಟು ಹಾಕಿಕೊಂಡೆ. ಅವರು ಪಕ್ಕದಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದರು. ಆಮೇಲೆ ದನಿ ತಗ್ಗಿಸಿ, ರೈಲು ಬಂದಾಗ ಲೋಟ ಅಲುಗಿದ್ದು ಕಣ್ಣಿಂದ ಹೋಗುತ್ತಿಲ್ಲ, ನಮ್ಮ ಕಂಪನಿ ಸೆಟ್ಟಿನಲ್ಲಿ ರೈಲು ಸೊಳ್ಳೆಯ ಹಾಗೆ ಬರುತ್ತದೆ, ನಾನೂ ಒಂದು ಜೋಡಿಸೋಣ ಅಂತಿದ್ದೇನೆ ಎಂದರು.

ನನ್ನ ಎದೆ ಉಬ್ಬಿತು. ಹೋದ ಮಾನ ಊಟದ ಡಬ್ಬಿಯಲ್ಲಿ ವಾಪಸ್ ಬಂದಿತ್ತು. ಯಾವತ್ತು ಬೆಂಗಳೂರಿಗೆ ಹೋಗೋಣ ಹೇಳಿ, ರಜ ಹಾಕಿ ಬರುತ್ತೇನೆ ಎಂದೆ.

"ಅಯ್ಯೋ, ನಿಮಗ್ಯಾಕೆ ತೊಂದ್ರೆ," ಎಂದರು ಅವರು. "ನಿಮ್ಮ ಮಾವನ್ನ ಕಳ್ಸಿಕೊಡಿ, ಸಾಕು."