ಅಟ್ಟ ಹತ್ತಿದ ವಿಧಾನಸಭೆ

ಕೆಲವರು ತಂದೆಯ ದಯದಿಂದ ಓದುತ್ತಾರೆ, ಕೆಲವರು ವಿದ್ಯಾರ್ಥಿವೇತನದ ದಯದಿಂದ. ನಾನು ಬಿ.ಎ. ಓದಿದ್ದು ವಿಧಾನಸಭೆಯ ದಯದಿಂದ. ಹೀಗೆಂದ ಕೂಡಲೇ ಕೇಳಿದವರು ನನ್ನನ್ನು ಒಂದು ಥರಾ ನೋಡುತ್ತಾರೆ. ಯಾರೋ ಶಾಸಕರು ಶಿಫಾರಸು ಮಾಡಿರಬೇಕು ಎನ್ನುವ ನೋಟ ಅದು. ಆದ್ದರಿಂದ ಬಿಡಿಸಿ ಹೇಳಿಬಿಡುವುದೇ ಒಳ್ಳೆಯದು.

ತಿಪಟೂರಿನಲ್ಲಿ ಪಿ.ಯು.ಸಿ. ಮುಗಿಸಿದವಳನ್ನು ಹಾಲ್ಕುರಿಕೆಗೆ ಮದುವೆ ಮಾಡಿ ಕೊಟ್ಟರು. ಮುಂದೆ ಓದುವ ಆಸೆಯಿದೆ ಎಂದು ನಾನು ಬಾಯಿ ಬಿಟ್ಟ ದಿನವೇ ಅತ್ತೆ ತೀರ್ಪು ಕೊಟ್ಟರು: "ಓದಿದ್ದು ಸಾಕು ಕಣವ್ವ. ಈ ಮನೆ ಸೊಸೇರು ಬಸ್ ಹತ್ಕಂಡು ಕಾಲೇಜಿಗೆ ಹೋಗಾದೆಲ್ಲ ಬ್ಯಾಡ." ನಾನು ಯಜಮಾನರ ಮುಖ ನೋಡಿದೆ. ಅವರು ತೋಟಕ್ಕೆ ನೀರು ಕಟ್ಟಬೇಕು ಎಂದು ಎದ್ದು ಹೋದರು. ಆ ದಿನ ಬೆಳಗಿನಿಂದ ಧೋ ಎಂದು ಮಳೆ ಸುರಿಯುತ್ತಿತ್ತು.

ಹೀಗಿರುವಾಗ ಒಂದು ದಿನ ಮಾವ ಹಸುಗಳಿಗೆ ಹಿಂಡಿ ತರಲೆಂದು ಗಾಡಿ ಕಟ್ಟಿಕೊಂಡು ತಿಪಟೂರಿಗೆ ಹೋದರು. ಅಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರು ಚುನಾವಣೆಯಲ್ಲಿ ಸೋತು, ಶಾಸಕರಾಗಿದ್ದಾಗ ಹಿಡಿದಿದ್ದ ಬಾಡಿಗೆ ಮನೆ ಖಾಲಿ ಮಾಡುತ್ತಿದ್ದರಂತೆ. ಸದನದಲ್ಲಿ ಯಾರು ಏನು ಮಾತಾಡಿದರು, ಯಾವ ಕಾನೂನು ಹೇಗೆ ಆಯಿತು ಎಂಬುದನ್ನೆಲ್ಲ ಅಕ್ಷರ ಬಿಡದೆ ಅಚ್ಚು ಹಾಕಿದ ದಪ್ಪ ದಪ್ಪ ಸಂಪುಟಗಳು ಅಲ್ಲಿ ಗೋಡೆಯೆತ್ತರ ಬಿದ್ದಿದ್ದವು. ಗೆಳೆಯರು ಅವನ್ನು ತೂಕಕ್ಕೆ ಹಾಕಲು ಹೊರಟಿದ್ದನ್ನು ಕಂಡು ಮಾವನ ಕರುಳು ಚುರುಕ್ ಎಂದಿತು. ಅಷ್ಟನ್ನೂ ಗಾಡಿಗೆ ಹೇರಿಸಿಕೊಂಡು ಬಂದರು.

ಅತ್ತೆ ಬಾಗಿಲಲ್ಲೇ ತಡೆದರು. "ಹಿಂಡಿ ಎಲ್ರೀ?"

"ಗಾಡೀಲಿ ಜಾಗ ಇರ್ಲಿಲ್ಲ ಕಣೇ."

"ದನ ಇದನ್ನ ತಿಂತಾವಾ?"

ಮಾವ ಸಂಪುಟಗಳನ್ನು ಗಾಡಿಯಿಂದ ಇಳಿಸತೊಡಗಿದರು. ನಿಜವಾದ ಜಗಳ ಶುರುವಾದದ್ದು ಸಂಪುಟಗಳು ಅಟ್ಟ ಹತ್ತಿದಾಗ. ನಮ್ಮ ಕಡೆ ಅಟ್ಟವೆಂದರೆ ಹಳೆಯ ಸಾಮಾನು ತುಂಬುವ ಮೂಲೆಯಲ್ಲ. ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುವ ಜಾಗ. ಮನೆಯಲ್ಲಿ ಮನುಷ್ಯರಿಗೆ ಇಲ್ಲದಷ್ಟು ಮರ್ಯಾದೆ ಅದಕ್ಕಿದೆ. ಅತ್ತೆ ಕಾಯಿಗಳ ಪರವಾಗಿ ಮಾತಾಡಿದರು, ಮಾವ ಪ್ರಜಾಪ್ರಭುತ್ವದ ಪರವಾಗಿ. ಕೊನೆಗೆ ಪ್ರಜಾಪ್ರಭುತ್ವಕ್ಕೆ ಜೇಡರ ಬಲೆ ಕಟ್ಟಿದ ಒಂದು ಮೂಲೆ ಸಿಕ್ಕಿತು.

ಅಷ್ಟೆಲ್ಲ ಗುದ್ದಾಡಿ ತಂದ ಪುಸ್ತಕವನ್ನು ತೆರೆದರೆ, ಮಾವನಿಗೆ ಅಕ್ಷರವೇ ಕಾಣಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಅವರು ಜಗಲಿಯಿಂದ ಕೂಗಿದರು: "ಗಿರಿಜಾ, ಒಸಿ ಓದವ್ವ ಇದನ್ನ." ಅದುವರೆಗೆ ಮಾವನ ಎದುರು ನಾನು ಕೂತವಳಲ್ಲ. ಆ ಮಧ್ಯಾಹ್ನ ಕಂಬಕ್ಕೆ ಒರಗಿ ಕೂತು, ಮಾನ್ಯ ಅಧ್ಯಕ್ಷರೇ ಎಂದು ಶುರುಮಾಡಿದೆ. ಮದುವೆಯಾದ ಮೇಲೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಅತ್ತೆ ಅವರೆಕಾಯಿ ಸುಲಿಯುವ ನೆಪ ಮಾಡಿಕೊಂಡು ಬಾಗಿಲ ಬಳಿ ಕೂತರು. ಕೆಲವು ದಿನಗಳಲ್ಲಿ ನೆಪವೂ ಬೇಕಾಗಲಿಲ್ಲ. ಸಂಪುಟದಲ್ಲಿ ಅಲ್ಲಲ್ಲಿ ಕಂಸದೊಳಗೆ 'ನಗು' ಎಂದು ಅಚ್ಚಾಗಿರುತ್ತಿತ್ತು. "ಯಾಕೆ ನಕ್ರು?" ಎಂದು ಅತ್ತೆ ಕೇಳುವರು. ಪುಸ್ತಕದಲ್ಲಿಲ್ಲ ಎಂದರೆ, "ನಕ್ಕಿದ್ದು ಬರೆದೋರಿಗೆ ಯಾಕೆ ಅಂತ ಬರೆಯಕ್ಕೇನಾಗಿತ್ತು?" ಎಂದು ಸಿಡುಕುವರು. ವಿರೋಧ ಪಕ್ಷದ ಸದಸ್ಯರೊಬ್ಬರು ಪ್ರತಿ ಅಧಿವೇಶನದಲ್ಲೂ ಎದ್ದು ನಿಂತು ತಮ್ಮ ಊರಿನ ಕುಡಿಯುವ ನೀರಿನ ಬಗ್ಗೆ ಕೇಳುತ್ತಿದ್ದರು. ಮಂತ್ರಿಗಳು ಪ್ರತಿ ಸಲವೂ ಪರಿಶೀಲನೆಯಲ್ಲಿದೆ ಎನ್ನುತ್ತಿದ್ದರು. ಅತ್ತೆಗೆ ಆ ಸದಸ್ಯರ ಮೇಲೆ ಅಣ್ಣತಮ್ಮಂದಿರ ಮೇಲಿನಂಥ ಮಮತೆ ಬೆಳೆಯಿತು. ನಾನು ಪುಸ್ತಕ ತೆರೆಯುವ ಮುಂಚೆಯೇ, "ಆ ಯಪ್ಪನ ಊರಿಗೆ ನೀರು ಬಂತಾ ನೋಡು" ಎನ್ನುತ್ತಿದ್ದರು.

ಒಂದು ದಿನ ತಿದ್ದುಪಡಿ ಮಸೂದೆಯೊಂದರ ಚರ್ಚೆ ಬಂತು. ಅತ್ತೆ ನನ್ನ ಓದು ತಡೆದು ಕೇಳಿದರು, "ತಿದ್ದುಪಡಿ ಅಂದ್ರೇನೇ?"

"ಮುಂಚೆ ಮಾಡಿದ ಕಾನೂನಿನಲ್ಲಿ ಏನಾದ್ರೂ ತೊಡಕಿದ್ರೆ ಸರಿಮಾಡೋದು ಅತ್ತೆ."

"ಯಾರು? ಮಾಡಿದೋರೇನಾ?"

"ಹೂಂ, ಅವರೇ."

"ಎಲ್ರ ಮುಂದೆ? ನಾಚ್ಕೆ ಆಗಕಿಲ್ವಾ ಅವ್ರಿಗೆ?"

ಮಾವ ನಕ್ಕರು. "ನಾಚ್ಕೆ ಏನೇ ಅದ್ರಲ್ಲಿ? ಮನುಷ್ಯರು ಮಾಡಿದ್ದು, ಮನುಷ್ಯರು ತಿದ್ದುತಾರೆ."

ಅತ್ತೆ ಎದ್ದು ಒಳಗೆ ಹೋದರು. ಆಮೇಲೆ ಒಂದು ವಾರ ಎಲ್ಲರಿಗೂ ಮೌನವಾಗಿಯೇ ಬಡಿಸಿದರು. ನನ್ನಿಂದೇನೋ ತಪ್ಪಾಗಿದೆಯೆಂದು ನಾನು ಹೆದರಿ ಪಾತ್ರೆಗಳನ್ನು ಎರಡೆರಡು ಸಲ ತೊಳೆಯುತ್ತಿದ್ದೆ. ಕಡೆಗೊಂದು ದಿನ ಊಟದ ನಡುವೆ, ಮಗನ ತಟ್ಟೆಗೆ ಮುದ್ದೆ ಇಡುತ್ತಾ, "ಇವಳ್ನ ಕಾಲೇಜಿಗೆ ಸೇರ್ಸು ಕಣ್ಲಾ" ಎಂದರು.

ಮಾವ ತಲೆಯೆತ್ತಿದರು. "ನೀನೇ ಅಲ್ವೇನೇ ಬ್ಯಾಡ ಅಂದಿದ್ದು?"

"ಅಂದಿದ್ದೆ. ಈಗ ತಿದ್ದೀವ್ನಿ. ಸಾರು ಹಾಕ್ಲಾ?"

ಯಜಮಾನರು ಸದ್ಯ ತೋಟಕ್ಕೆ ಎದ್ದು ಹೋಗದೆ, ನಾಳೆಯೇ ಅರ್ಜಿ ತರುತ್ತೇನೆ ಎಂದರು. ಕಾಲೇಜು ಶುರುವಾದ ದಿನ ಬಸ್ಸಿನವರೆಗೆ ಬಂದು, ಸೀಟು ಹಿಡಿಯಲು ಮೊಣಕೈ ಹೇಗೆ ಬಳಸಬೇಕೆಂದು ತೋರಿಸಿಕೊಟ್ಟವರೂ ಅತ್ತೆಯೇ. ಅಂದು ನಾನು ಕಾಲಿಗೆ ಬೀಳಲು ಬಗ್ಗಿದರೆ, "ಬುಡು ಬುಡು, ಬಸ್ ಹೊಂಟೋಯ್ತದೆ" ಎಂದು ತಳ್ಳಿದರು. ಆ ನಮಸ್ಕಾರ ಇನ್ನೂ ಬಾಕಿಯೇ ಇದೆ.

ಬಿ.ಎ. ಆಯಿತು, ಎಂ.ಎ. ಆಯಿತು, ನಾನು ರಾಜ್ಯಶಾಸ್ತ್ರದ ಮೇಡಂ ಆದೆ. ಮೊದಲ ವರ್ಷದ ಸಂಬಳದಲ್ಲಿ ಅತ್ತೆಗೆ ರೇಷ್ಮೆ ಸೀರೆ ಕೊಡಿಸಲು ಹೋದರೆ ಅವರು ಬೇಡವೆಂದರು. "ಆ ದೊಡ್ಡ ಮನೆ ತೋರ್ಸು, ಸಾಕು." ಮಾವನ ಗೆಳೆಯರಿಂದಲೇ ಪಾಸು ಮಾಡಿಸಿ, ರೈಲು ಹತ್ತಿ, ವಿಧಾನಸೌಧದ ಪ್ರೇಕ್ಷಕರ ಗ್ಯಾಲರಿಯಲ್ಲಿ ಅತ್ತೆಯನ್ನು ಕೂರಿಸಿದೆ. ಕೆಳಗೆ ಅರ್ಧ ಕುರ್ಚಿ ಖಾಲಿ. ಮಂತ್ರಿಗಳೊಬ್ಬರು ಏನನ್ನೋ ಒಂದೇ ಸಮನೆ ಓದುತ್ತಿದ್ದರು. ಇಬ್ಬರು ಮೂವರು ತೂಕಡಿಸುತ್ತಿದ್ದರು. ಅತ್ತೆ ಬಹಳ ಹೊತ್ತು ಬಗ್ಗಿ ನೋಡಿ, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನೀನು ಇವ್ರಿಗಿಂತ ಚೆನ್ನಾಗಿ ಓದ್ತಿದ್ದೆ ಕಣೇ."

ನನಗೆ ತಡೆಯಲಾಗದಷ್ಟು ನಗು ಬಂತು. ಸೆರಗು ಬಾಯಿಗೆ ಒತ್ತಿದರೂ ನಿಲ್ಲಲಿಲ್ಲ. ಕಾವಲಿನವರು ಬಂದು, ಸಭ್ಯವಾಗಿಯೇ, ಹೊರಗೆ ನಡೆಯಿರಿ ಎಂದರು. ಅತ್ತೆಗೆ ಏನೂ ಅನ್ನಲಿಲ್ಲ. ಅವರು ದೇವರ ಪೂಜೆಗೆ ಕೂತವರ ಹಾಗೆ ಕೂತಿದ್ದರು. ಮಕ್ಕಳಿಗೆ ಸದನದ ನಿಯಮಗಳನ್ನು ಕಲಿಸುವ ಮೇಡಂ, ಅಂದಿನ ಕಲಾಪ ಮುಗಿಯುವವರೆಗೆ ಕಾರಿಡಾರಿನ ಬೆಂಚಿನ ಮೇಲೆ ಕಾದಳು. ಕೊನೆಗೆ ಅತ್ತೆ ಬಂದು ಪಕ್ಕದಲ್ಲಿ ಕೂತು, ಸೀರೆ ಸರಿಮಾಡಿಕೊಂಡು ಹೇಳಿದರು: "ನೀನು ಹೋದ್ಮ್ಯಾಲೆ ಒಳ್ಳೆ ಜಗಳ ಆಯ್ತು ಕಣವ್ವ. ಕೇಳು, ಮೊದ್ಲಿಂದ ಹೇಳ್ತೀನಿ."